ನಿಮಗೇನು ತೊಂದರೆ ಅಂತ ಕೇಳೋದಕ್ಕೂ ಒಂದು ಕೋರ್ಸು

ಕಳೆದ ಅಕ್ಟೋಬರ್‌ನಲ್ಲಿ ಒಂದು ಮಂಗಳವಾರ, ಕೆನಡಾದ ಒಂಟಾರಿಯೋ ಪ್ರಾಂತ್ಯದಲ್ಲಿರೋ ನಮ್ಮ ವರ್ಕ್‌ಶಾಪಿಗೆ ಇಬ್ಬರು ಬಂದರು. ಒಬ್ಬರು ಮೂವತ್ತರ ಆಸುಪಾಸಿನ ಹೆಂಗಸು, ಕೊರಳಲ್ಲಿ ಟೌನ್ ಆಫೀಸಿನ ಐಡಿ ಕಾರ್ಡು. ಇನ್ನೊಬ್ಬರು ಎಪ್ಪತ್ತು ದಾಟಿದ ಅಜ್ಜ, ಕೈಯಲ್ಲಿ ಕ್ಲಿಪ್‌ಬೋರ್ಡು. ನಾನು ಮೂಲತಃ ಬೆಳಗಾವಿಯವನು. ಐಡಿ ಕಾರ್ಡು, ಕ್ಲಿಪ್‌ಬೋರ್ಡು ಎರಡೂ ಒಟ್ಟಿಗೆ ಬಾಗಿಲಲ್ಲಿ ಕಂಡರೆ ನನ್ನ ತಲೆಗೆ ಬರೋದು ಒಂದೇ. ಎಣ್ಣೆ ಡ್ರಮ್ಮಿನ ಪಕ್ಕ ಬಿದ್ದಿದ್ದ ಸ್ಕ್ರ್ಯಾಪ್ ಸರಿಸು ಅಂತ ಹುಡುಗನಿಗೆ ಕಣ್ಣಲ್ಲೇ ಸನ್ನೆ ಮಾಡಿದೆ. ಬೆಂಕಿ ಆರಿಸೋ ಸಿಲಿಂಡರಿನ ತಾರೀಖು ಮುಗಿದಿದೆಯಾ ಅಂತ ಓರೆಗಣ್ಣಲ್ಲಿ ನೋಡಿಕೊಂಡೆ.

ಅವರು ಎರಡು ವಾರ ಮೊದಲೇ ಇಮೇಲ್ ಕಳಿಸಿದ್ದರಂತೆ. ನನ್ನ ಪಾರ್ಟ್‌ನರ್ ಹೂಂ ಅಂದು ಮರೆತಿದ್ದ. ಕೂತರು. ಆ ಹೆಂಗಸು ಮೊದಲ ಪ್ರಶ್ನೆ ಕೇಳಿದರು: "ಈ ಊರಲ್ಲಿ ವ್ಯಾಪಾರ ಮಾಡೋಕೆ ನಿಮಗೆ ಏನು ತೊಂದರೆ ಇದೆ?"

ಇಪ್ಪತ್ತೆರಡು ವರ್ಷದಿಂದ ಲೋಹ ಕೊರೆಯೋ ಲೇತು, ವಿಎಂಸಿ ಮಷೀನುಗಳ ನಡುವೆ ಬದುಕಿದ್ದೇನೆ, ಅದರಲ್ಲಿ ಒಂಬತ್ತು ವರ್ಷ ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ. ಸರ್ಕಾರದ ಕಡೆಯಿಂದ ಬಂದವರು ಯಾರೂ ನನಗೆ ಈ ಪ್ರಶ್ನೆ ಕೇಳಿರಲಿಲ್ಲ. ಒಂದು ಕ್ಷಣ ಏನು ಹೇಳಬೇಕು ಅಂತಲೇ ತಿಳಿಯಲಿಲ್ಲ.

ಆಮೇಲೆ ಬಾಯಿ ಬಿಟ್ಟೆ ನೋಡಿ, ನಿಲ್ಲಿಸೋಕೆ ಆಗಲಿಲ್ಲ. ಮೂಲೆಯ ತಿರುವಿನಲ್ಲಿ ಟ್ರೇಲರ್ ತಿರುಗಲ್ಲ, ಹಿಂದಿನ ಗಾಲಿ ಫುಟ್‌ಪಾತ್ ಅಂಚಿನ ಮೇಲೆ ಹತ್ತುತ್ತೆ. ಸಂಜೆ ಏಳರ ಮೇಲೆ ಈ ಕಡೆ ಬಸ್ಸಿಲ್ಲ, ಕಾರಿಲ್ಲದ ಹುಡುಗರು ಎರಡನೇ ಶಿಫ್ಟಿಗೆ ಬರಲ್ಲ. ಮಷೀನಿಸ್ಟ್ ಸಿಗಲ್ಲ, ಸಿಕ್ಕರೆ ಬಾಡಿಗೆ ಮನೆ ಸಿಗಲ್ಲ. ಆ ಹೆಂಗಸು ಕೇಳ್ತಾ ಹೋದರು, ಅಜ್ಜ ಬರೀತಾ ಹೋದರು. ಒಂದು ಗಂಟೆ ಹತ್ತು ನಿಮಿಷ. ಮಧ್ಯೆ ಒಂದು ಸಲವೂ "ಇಲ್ಲ ಸರ್, ಅದು ನಮ್ಮ ವ್ಯಾಪ್ತಿಗೆ ಬರಲ್ಲ" ಅನ್ನಲಿಲ್ಲ. "ಮಾಡಿಕೊಡ್ತೀವಿ" ಅಂತಲೂ ಅನ್ನಲಿಲ್ಲ, ಅದು ಬೇರೆ ಮಾತು.

ಹೋಗುವಾಗ ಸುಮ್ನೆ ಕೇಳಿದೆ, ಇಷ್ಟು ತಾಳ್ಮೆಯಿಂದ ಕೇಳೋದು ಎಲ್ಲಿ ಕಲಿತಿರಿ ಅಂತ. ನಕ್ಕು, ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿ ಅಂದರು. ತಮಾಷೆ ಅಂದುಕೊಂಡೆ. ನಿಜವೇ. ಊರಿನ ಆರ್ಥಿಕತೆ ಬೆಳೆಸೋದಕ್ಕೆ ಅಂತಲೇ ಇಲ್ಲಿ ಒಂದು ವೃತ್ತಿ ಇದೆ, ಎಕನಾಮಿಕ್ ಡೆವಲಪರ್ ಅಂತಾರೆ. 1968ರಿಂದ ಅವರದೇ ಒಂದು ರಾಷ್ಟ್ರೀಯ ಸಂಘ ಇದೆ, ಮೊದಲ ವರ್ಷ, ಎರಡನೇ ವರ್ಷ ಅಂತ ಕೋರ್ಸು ಮುಗಿಸಿ, ಪರೀಕ್ಷೆ ಪಾಸಾಗಿ, ಹೆಸರಿನ ಮುಂದೆ ಮೂರಕ್ಷರ ಹಾಕಿಕೊಳ್ತಾರೆ. ಪಕ್ಕದ ಅಮೆರಿಕದಲ್ಲಿ ಇನ್ನೂ ಹಳೇದು, ಒಕ್ಲಹೋಮ ವಿಶ್ವವಿದ್ಯಾಲಯದ ತರಬೇತಿ 1962ರಿಂದ ನಡೀತಿದೆ.

ನನ್ನ ವರ್ಕ್‌ಶಾಪಿಗೆ ಬಂದಿದ್ದು ಆ ವಿದ್ಯೆಯ ಒಂದು ಭಾಗ. ಬಿಸಿನೆಸ್ ರಿಟೆನ್ಶನ್ ಅಂಡ್ ಎಕ್ಸ್‌ಪ್ಯಾನ್ಶನ್ ಅಂತ ಅದರ ಹೆಸರು. ಇರೋ ಉದ್ಯಮ ಊರು ಬಿಡದ ಹಾಗೆ ನೋಡಿಕೋ, ಬೆಳೆಯೋದಿದ್ದರೆ ಇಲ್ಲೇ ಬೆಳೆಯೋ ಹಾಗೆ ಮಾಡು, ಅಷ್ಟೇ. ಒಂಟಾರಿಯೋದಲ್ಲಿ ಇದಕ್ಕೆ ವರ್ಷಗಟ್ಟಲೆ ಫಾರ್ಮು, ಕೈಪಿಡಿ, ತರಬೇತಿ ಕೊಟ್ಟಿದ್ದು ಯಾರು ಗೊತ್ತಾ? ಕೃಷಿ ಇಲಾಖೆ. ಕ್ಲಿಪ್‌ಬೋರ್ಡ್ ಹಿಡಿದ ಅಜ್ಜ ರಿಟೈರಾದ ಮೇಷ್ಟ್ರು, ಬರೀ ಸ್ವಯಂಸೇವಕ. ಅವರಿಗೂ ಒಂದು ಸಂಜೆ ಕೂರಿಸಿ ಹೇಳಿಕೊಟ್ಟಿದ್ದರಂತೆ. ಇಬ್ಬಿಬ್ಬರೇ ಹೋಗಬೇಕು, ಒಬ್ಬರು ಕೇಳಬೇಕು, ಒಬ್ಬರು ಬರೀಬೇಕು. ವಾದ ಮಾಡಬಾರದು, ಭರವಸೆ ಕೊಡಬಾರದು, ಕೇಳಿದ್ದನ್ನು ಕಾಫಿ ಅಂಗಡಿಯಲ್ಲಿ ಆಡಬಾರದು. ಯಾರಾದರೂ "ಮುಚ್ಚಬೇಕು ಅಂತಿದ್ದೀನಿ" ಅಥವಾ "ಬೇರೆ ಊರಿಗೆ ಹೋಗೋ ಯೋಚನೆ ಇದೆ" ಅಂದರೆ ಅದು ರೆಡ್ ಫ್ಲ್ಯಾಗ್. ಸರ್ವೆ ಮುಗಿಯೋ ತನಕ ಕಾಯೋ ಹಾಗಿಲ್ಲ, ಕೂಡಲೇ ಅವರಿಗೆ ಯಾರಾದರೂ ಫೋನ್ ಮಾಡಬೇಕು.

ಆ ರೆಡ್ ಫ್ಲ್ಯಾಗ್ ಅನ್ನೋ ಮಾತು ಕೇಳಿದಾಗ ನನ್ನ ಎದೆಯಲ್ಲಿ ಏನೋ ಚುಚ್ಚಿತು. ಯಾಕೆಂದರೆ ನಮ್ಮ ದೊಡ್ಡಪ್ಪನ ಮಗ, ನಾವೆಲ್ಲ ಅಣ್ಣ ಅಂತಲೇ ಕರೆಯೋದು, ಉದ್ಯಮಬಾಗದಲ್ಲಿ ಮೂವತ್ತೊಂದು ವರ್ಷದಿಂದ ವಾಲ್ವ್ ಬಾಡಿ ಮಷೀನಿಂಗ್ ಮಾಡ್ತಾನೆ. ಹದಿನಾಲ್ಕು ಜನ ಕೆಲಸಗಾರರು. ಎರಡು ವರ್ಷದಿಂದ ಶಿನೋಳಿಗೆ ಶಿಫ್ಟ್ ಮಾಡ್ತೀನಿ ಅಂತಿದ್ದಾನೆ. ಗೊತ್ತಿಲ್ಲದವರಿಗೆ: ವೆಂಗುರ್ಲಾ ರಸ್ತೆಯಲ್ಲಿ ಸ್ವಲ್ಪ ದೂರ ಹೋದರೆ ಸಿಗೋ ಊರು, ಆದರೆ ಮಹಾರಾಷ್ಟ್ರ. ಅಲ್ಲಿ ಎಂಐಡಿಸಿ, ಅಂದರೆ ಆ ರಾಜ್ಯ ಸರ್ಕಾರದ ಕೈಗಾರಿಕಾ ಪ್ರದೇಶ ಇದೆ. ಬೆಳಗಾವಿಯಿಂದ ಒಬ್ಬೊಬ್ಬರೇ ಅತ್ತ ಹೋಗಿದ್ದಾರೆ. ಕೆಲಸಗಾರರು ಅವರೇ, ಊಟದ ಡಬ್ಬಿ ಅದೇ, ರಾಜ್ಯ ಮಾತ್ರ ಬದಲು.

"ಅಣ್ಣಾ, ನೀ ಹೋಗ್ತೀನಿ ಅನ್ನೋದು ಅಲ್ಲಿ ಯಾರಿಗರೆ ಗೊತ್ತದ ಏನು?" ಅಂತ ಫೋನಿನಲ್ಲಿ ಕೇಳಿದೆ.

"ಯಾಂವ ಬರ್ತಾನೋ ತಮ್ಮಾ ಇಲ್ಲಿ ಕೇಳಾಕ? ಬಂದ್ರ ನೋಟಿಸ್ ಕೊಡಾಕ ಬರ್ತಾರ."

2025ರ ಫೆಬ್ರವರಿಯಲ್ಲಿ ಬೆಂಗಳೂರಲ್ಲಿ ಇನ್ವೆಸ್ಟ್ ಕರ್ನಾಟಕ ಸಮಾವೇಶ ಆಯಿತಲ್ಲ, 10.27 ಲಕ್ಷ ಕೋಟಿ ರೂಪಾಯಿ ಹೂಡಿಕೆಯ ಭರವಸೆ ಬಂತು ಅಂತ ಸುದ್ದಿ. ಬರಲಿ, ಬೇಡ ಅನ್ನಲ್ಲ. ಆದರೆ ಹೊಸ ಅಳಿಯನಿಗೆ ಹೋಳಿಗೆ ಬಡಿಸೋ ಸಂಭ್ರಮದಲ್ಲಿ ಮನೆ ಮಗ ಹಿಂದಿನ ಬಾಗಿಲಿಂದ ಚೀಲ ಹಿಡಿದು ಹೊರಟಿದ್ದು ಯಾರೂ ನೋಡಲ್ಲ. ಹದಿನಾಲ್ಕು ಕೆಲಸ ಹೋದರೆ ಪೇಪರಲ್ಲಿ ಬರುತ್ತಾ? ಅಂಥ ನಲವತ್ತು ಶೆಡ್ ಒಂದೊಂದಾಗಿ ಹೋದರೆ?

ಸಲಹೆಗಾರರು ನಮ್ಮಲ್ಲೂ ಇದ್ದಾರೆ, ಇಲ್ಲ ಅಂತಲ್ಲ. ಅಣ್ಣ ಐದು ವರ್ಷದ ಹಿಂದೆ ಒಂದು ಸಿಎನ್‌ಸಿ ಮಷೀನಿಗೆ ಸಾಲ, ಸಬ್ಸಿಡಿ ಮಾಡಿಸೋಕೆ ಒಬ್ಬರ ಹತ್ತಿರ ಪ್ರಾಜೆಕ್ಟ್ ರಿಪೋರ್ಟ್ ಮಾಡಿಸಿದ. ಹದಿನೈದು ಸಾವಿರ ಕೊಟ್ಟ. ಸ್ಪೈರಲ್ ಬೈಂಡಿಂಗ್, ಮೇಲೆ ಗಣಪತಿ ಚಿತ್ರ, ಒಳಗೆ ಬಣ್ಣದ ಗ್ರಾಫು. ಹದಿನೇಳನೇ ಪುಟದಲ್ಲಿ "ಕಚ್ಚಾ ಸಾಮಗ್ರಿ: ಸಿಪ್ಪೆ ಸುಲಿದ ಶೇಂಗಾ" ಅಂತಿತ್ತು. ಯಾವುದೋ ಎಣ್ಣೆ ಗಾಣದ ರಿಪೋರ್ಟಿನಲ್ಲಿ ಹೆಸರು ಬದಲಿಸಿ ಕೊಟ್ಟಿದ್ದರು. ಇನ್ನೂ ತಮಾಷೆ ಅಂದರೆ ಸಾಲ ಮಂಜೂರಾಯಿತು. ಓದಿದವರು ಯಾರೂ ಇರಲಿಲ್ಲ ಅಂತ ಅರ್ಥ ಅಲ್ವಾ. ಈಗಲೂ ಹಬ್ಬಕ್ಕೆ ಎಲ್ಲ ಸೇರಿದಾಗ ಅಣ್ಣನಿಗೆ "ಶೇಂಗಾ ಹೆಂಗದ ರೇಟು?" ಅಂತ ಕೇಳ್ತೀವಿ.

ಇಷ್ಟೆಲ್ಲ ಬೈದ ಮೇಲೆ ಕೆಲವು ಮಾತು ಒಪ್ಪಲೇಬೇಕು, ಮನಸ್ಸಿಲ್ಲ, ಆದರೂ. ತರಬೇತಿ ಅನ್ನೋದು ನಮಗೆ ಗೊತ್ತಿಲ್ಲದ್ದೇನಲ್ಲ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದವರು ಎರಡು ಬ್ಯಾಂಕುಗಳ ಜೊತೆ ಸೇರಿ ರುಡ್‌ಸೆಟ್ ಅನ್ನೋ ಸ್ವಉದ್ಯೋಗ ತರಬೇತಿ ಸಂಸ್ಥೆ ಶುರು ಮಾಡಿದರು. ಊಟ, ವಸತಿ, ಕಲಿಕೆ ಎಲ್ಲ ಪುಕ್ಕಟೆ. ಅದನ್ನೇ ಮಾದರಿ ಮಾಡಿಕೊಂಡು ಇಡೀ ದೇಶದಲ್ಲಿ ಜಿಲ್ಲೆಗೊಂದು ಅಂತ ತರಬೇತಿ ಸಂಸ್ಥೆ ಬಂದವು. ಆದರೆ ಅಲ್ಲಿ ಕಲಿಸೋದು ಉದ್ಯಮ ಶುರು ಮಾಡೋರಿಗೆ. ಮೂವತ್ತು ವರ್ಷ ಮಾಡಿ ಸುಸ್ತಾದವನ ಹತ್ತಿರ ಹೋಗಿ ಕೂರೋರಿಗೆ ಕಲಿಸೋದು ಬೇರೆ ವಿದ್ಯೆ, ನನ್ನ ತಕರಾರು ಅಲ್ಲಿ.

ಬೆಳಗಾವಿಯ ಫೌಂಡ್ರಿಯವರು, ಅಂದರೆ ಲೋಹದ ಎರಕ ಹೊಯ್ಯೋರು, ತಾವೇ ಸೇರಿ, ಕೇಂದ್ರದ ನೆರವು ತಂದು, ಕ್ಲಸ್ಟರ್ ಅಂತ ಒಂದು ಒಕ್ಕೂಟ ಕಟ್ಟಿದ್ದಾರೆ. ಒಮ್ಮೆ ಅಚ್ಚಿಗೆ ಬಳಸಿದ ಮರಳನ್ನು ಮತ್ತೆ ಬಳಸೋ ಹಾಗೆ ಮಾಡೋ ಘಟಕ ಹಾಕಿದ್ದಾರೆ. ಯಾವ ಮೂರಕ್ಷರದ ಪದವೀಧರನೂ ಬಂದು ಹೇಳಿಕೊಡಲಿಲ್ಲ.

ಇಲ್ಲಿ ಒಂಟಾರಿಯೋದವರು ಬಂದು ಕೂರೋದಕ್ಕೂ ಕಾರಣ ಇದೆ, ಬರೀ ಪ್ರೀತಿ ಅಲ್ಲ. ಊರಿನ ಆಡಳಿತ ನಡೆಯೋದೇ ಮುಖ್ಯವಾಗಿ ಆಸ್ತಿ ತೆರಿಗೆಯಿಂದ. ನಾನು ಹೋದರೆ ಅವರ ಜೇಬಿಗೆ ತೂತು. ಮೇಲಾಗಿ 2001ರ ಒಂಟಾರಿಯೋ ಮುನಿಸಿಪಲ್ ಕಾಯ್ದೆ ಪ್ರಕಾರ ಊರು ತನಗೆ ಬೇಕಾದ ಕಂಪನಿಗೆ ಪುಕ್ಕಟೆ ಜಾಗ, ತೆರಿಗೆ ಮಾಫಿ ಅಂತ ಕೊಡೋ ಹಾಗಿಲ್ಲ, ಕೆಲವು ವಿನಾಯಿತಿ ಬಿಟ್ಟರೆ. ಹಣ ಕೊಡೋಕೆ ಬರಲ್ಲ, ಅದಕ್ಕೇ ಕಿವಿ ಕೊಡ್ತಾರೆ.

ಫಲ? ಏಪ್ರಿಲ್‌ನಲ್ಲಿ ಆ ತಿರುವಿನ ಅಂಚು ಕತ್ತರಿಸಿ ಅಗಲ ಮಾಡಿದರು. ಟ್ರೇಲರ್ ಈಗ ಸಲೀಸಾಗಿ ತಿರುಗುತ್ತೆ. ಬಸ್ಸು ಇನ್ನೂ ಬಂದಿಲ್ಲ, "ಅಧ್ಯಯನ ನಡೀತಿದೆ". ಈ ಮಾತು ಕೇಳಿದ ಕೂಡಲೇ ಊರಿಗೆ ಬಂದ ಹಾಗೆ ಅನಿಸಿತು. ನಮ್ಮ ಹಿಂದಿನ ರಸ್ತೆಯ ಒಂದು ಕಾರ್ಖಾನೆಗೂ ಇವರು ಹೋಗಿದ್ದರು, ಕೂತಿದ್ದರು, ಬರೆದುಕೊಂಡಿದ್ದರು. ಅದು ಮುಚ್ಚೇ ಹೋಯಿತು.

ಇನ್ನೊಂದು ಮಾತು ಹೇಳದಿದ್ದರೆ ತಪ್ಪಾಗುತ್ತೆ. ಹೋದ ಜನವರಿಯಲ್ಲಿ ನಮ್ಮ ಮಷೀನಿನ ಒಂದು ಬೇರಿಂಗ್ ಹೋಯಿತು, ಹೊಸದು ಬರೋಕೆ ಹನ್ನೊಂದು ದಿನ. ಹೊರಗೆ ಹಿಮ, ಒಳಗೆ ನಿಂತ ಮಷೀನು, ಅಕ್ಕಪಕ್ಕ ಯಾರ ಹೆಸರೂ ನನಗೆ ಗೊತ್ತಿಲ್ಲ. ಉದ್ಯಮಬಾಗದಲ್ಲಾಗಿದ್ದರೆ? ಪಕ್ಕದ ಶೆಡ್ಡಿಗೆ ಹೋಗಿ "ಮಾಮಾ, ಒಂದು ಬೇರಿಂಗ್ ಅದ ಏನ್ರೀ" ಅಂದರೆ ಸಾಕಿತ್ತು. ಅವರ ಹತ್ತಿರ ಇಲ್ಲದಿದ್ದರೆ ಸೈಕಲ್ ಮೇಲೆ ಹುಡುಗನ್ನ ಓಡಿಸಿ ತರಿಸೋರು, ಅಷ್ಟರಲ್ಲಿ ಚಹಾ ಬಂದಿರೋದು. ಪ್ಯಾಟರ್ನ್ ಮಾಡೋನು, ಎರಕ ಹೊಯ್ಯೋನು, ಗ್ರೈಂಡಿಂಗ್ ಮಾಡೋನು ಎಲ್ಲ ಕೂಗಿದರೆ ಕೇಳೋ ದೂರದಲ್ಲಿ. ವಾಟರ್‌ಲೂದಲ್ಲಿ ಅದನ್ನು ಹೇಗೆ ಕಲಿಸ್ತಾರೋ ನಾ ಕಾಣೆ. ಅಣ್ಣ ಎರಡು ವರ್ಷದಿಂದ ಹೋಗ್ತೀನಿ ಅನ್ನುತ್ತಲೇ ಅಲ್ಲೇ ಇರೋದಕ್ಕೆ ಬಹುಶಃ ಇದೇ ಕಾರಣ.

ಹೋದ ಭಾನುವಾರ ಒಂದು ಕೆಲಸ ಮಾಡಿದೆ. ಅಕ್ಟೋಬರಿನಲ್ಲಿ ಅಜ್ಜ ನಮಗೆ ಬಿಟ್ಟುಹೋಗಿದ್ದ ಖಾಲಿ ಫಾರ್ಮು ತೆಗೆದುಕೊಂಡು ಅಣ್ಣನಿಗೆ ವಾಟ್ಸಾಪ್ ಕಾಲ್ ಮಾಡಿದೆ. ಪ್ರಶ್ನೆಗಳನ್ನು ನಮ್ಮ ಮಾತಿನಲ್ಲಿ ಒಂದೊಂದಾಗಿ ಓದಿದೆ. ಮೊದಮೊದಲು ನಕ್ಕ. "ಹುಚ್ಚ ಹಿಡದದ ಏನೋ ನಿನಗ" ಅಂದ. ಮೂರನೇ ಪ್ರಶ್ನೆಗೆ ಸೀರಿಯಸ್ ಆದ. ಕರೆಂಟಿನ ದರ, ಶೆಡ್ಡಿನ ಮುಂದಿನ ಗಟಾರು, ಐಟಿಐ ಮುಗಿಸಿದ ಹುಡುಗರು ಪುಣೆಗೆ ಹೋಗೋದು, ತನ್ನ ಮಗನಿಗೆ ಈ ಧಂದೆ ಬೇಡವಾಗಿರೋದು. ಮಗನ ವಿಷಯ ನನಗೂ ಗೊತ್ತಿರಲಿಲ್ಲ. ನಾನು ವಾದ ಮಾಡಲಿಲ್ಲ, ಭರವಸೆ ಕೊಡಲಿಲ್ಲ, ಬರೀತಾ ಹೋದೆ. ಒಂದೂವರೆ ಗಂಟೆ ಆಯಿತು.

ಕೊನೆಗೆ ಅವನೇ ಕೇಳಿದ: "ಬರಕೊಂಡಿ ಹೌದಲ್ಲ, ಈಗ ಇದನ್ನ ಯಾರ ಕೈಯಾಗ ಕೊಡ್ತಿ?"