ಕೊಳ್ಳೋದೇನೋ ಅಗ್ಗ, ಆಮೇಲೆ?

ಹಳೆಯ ಕ್ಯಾಬಿನ್ ಕ್ರೂಸರ್ (ಒಳಗೆ ಮಲಗಲು ಕೋಣೆ ಇರುವ ಮೋಟಾರ್ ಬೋಟು) ಅಗ್ಗಕ್ಕೆ ಸಿಗುತ್ತದೆ, ಕೊಳ್ಳಿ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಸರಿ. ಆದರೆ ಅದೇ ಮಾದರಿಯ ಬೋಟು ಇಟ್ಟುಕೊಂಡವರ ಪರಿಚಯ ಮೊದಲು ಮಾಡಿಕೊಳ್ಳಿ ಅಂತಲೂ ಹೇಳಬೇಕಿತ್ತು. ನಮ್ಮ ಇಂಜಿನ್ ಸುಮ್ನೆ ಬಿಸಿಯಾಗುತ್ತಿತ್ತು. ಇಂಜಿನ್ ತಂಪಾಗಿಸಲು ನೀರೆಳೆಯುವ ಪಂಪನ್ನೇ ಇಡಿಯಾಗಿ ಬದಲಿಸಿ ಅಂದ ಮೆಕ್ಯಾನಿಕ್. ಪಕ್ಕದ ಬೋಟಿನವರು ಬಂದು ಪಂಪಿನ ಮುಚ್ಚಳ ಬಿಚ್ಚಿದರು. ಒಳಗೆ ತಿರುಗಿ ನೀರು ತಳ್ಳುವ ರಬ್ಬರ್ ಚಕ್ರದ (ಇಂಪೆಲ್ಲರ್) ಎರಡು ರೆಕ್ಕೆ ಮಾಯ! "ಹೊಸದು ಹಾಕಿದರೆ ಸಾಲದು, ಮುರಿದ ಚೂರು ಹುಡುಕಿ" ಅಂದರು. ಎರಡು ಚೂರೂ, ಇಂಜಿನ್ನಿನ ಬಿಸಿಯನ್ನು ನೀರಿಗೆ ದಾಟಿಸುವ ಹೀಟ್ ಎಕ್ಸ್‌ಚೇಂಜರಿನ ಬಾಯಲ್ಲೇ ಸಿಕ್ಕಿಕೊಂಡಿದ್ದವು. ಡೆಕ್ (ಬೋಟಿನ ಮೇಲಿನ ನೆಲಹಾಸು) ತಟ್ಟಿ ನೋಡುವುದನ್ನು ಕಲಿಸಿದ್ದೂ ಅವರೇ. ಸದ್ದು ಮಂದವಾಗಿದ್ದರೆ ಒಳಗಿನ ಮರಕ್ಕೆ ನೀರು ಇಳಿದಿರಬಹುದು. ಇನ್ನೊಂದು, ಪೆಟ್ರೋಲ್ ಇಂಜಿನ್ ಆದರೆ ಸ್ಟಾರ್ಟ್ ಮಾಡುವ ಮುಂಚೆ ಕನಿಷ್ಠ 4 ನಿಮಿಷ ಬ್ಲೋವರ್ (ಇಂಜಿನ್ ಕೋಣೆಯ ಗಾಳಿಯನ್ನು ಹೊರದಬ್ಬುವ ಫ್ಯಾನ್) ಓಡಿಸಲೇಬೇಕು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ತಳದಲ್ಲೇ ಕೂತಿರುತ್ತದೆ. ಇದನ್ನಾದರೂ ಲೇಖನಕ್ಕೆ ಸೇರಿಸಿ.