ನಾನೂರು ಪುಟದಲ್ಲಿ ಟ್ರಾನ್ಸ್‌ಮಿಟರ್ ಮೂರೇ ಸಲ

ಎರಡು ವಾರ ಒದ್ದಾಡಿ ಒಂದು ಇಂಗ್ಲಿಷ್ ಕಾದಂಬರಿ ಮುಗಿಸಿದೆ. ಹೆಸರು ಬೇಡ ಬಿಡಿ. ಜರ್ಮನ್ನರ ಹಿಡಿತದಲ್ಲಿದ್ದ 1943ರ ಪ್ಯಾರಿಸ್, ಅಲ್ಲಿಗೆ ಬ್ರಿಟನ್ನಿನ ಎಸ್‌ಒಇ ಅನ್ನುವ ಗುಪ್ತ ಸಂಸ್ಥೆ ಕಳಿಸಿದ ಒಬ್ಬ ವೈರ್‌ಲೆಸ್ ಆಪರೇಟರ್ ಹುಡುಗಿ. ಹಿಂದಿನ ರಟ್ಟು ಓದಿದವನೇ ದುಡ್ಡು ಕೊಟ್ಟುಬಿಟ್ಟೆ. ಈ ವಿಷಯ ಅಂದರೆ ನನಗೆ ಹುಚ್ಚು, ಅದಕ್ಕೇ ಸಿಟ್ಟೂ ಜಾಸ್ತಿ.

ಮೊಮ್ಮಗಳಿಗೆ ಅಟ್ಟದಲ್ಲಿ ಹಳೇ ಪೆಟ್ಟಿಗೆ ಸಿಗುತ್ತದೆ, ಅದರಲ್ಲಿ ಕಾಗದಗಳು, ಇತ್ಯಾದಿ. ಅದನ್ನೂ ಸಹಿಸಿಕೊಂಡೆ. ಆದರೆ ನಾಯಕಿಯ ಕೆಲಸವೇ ಕಾದಂಬರಿಯಲ್ಲಿ ಇಲ್ಲ! ಲಂಡನ್ನಿಗೆ ಸುದ್ದಿ ಕಳಿಸುವ ಟ್ರಾನ್ಸ್‌ಮಿಟರ್ ಬರುವುದು ಮೂರೇ ಸಲ, ಎಣಿಸಿದ್ದೇನೆ. ಉಳಿದದ್ದೆಲ್ಲ ಒಬ್ಬ ಚೆಂದದ ಬಂಡುಕೋರ, ಅವನ ಕಣ್ಣು, ಅವನ ಕೋಟು.

ಆ ಕೆಲಸ ಎಂಥದ್ದು ಗೊತ್ತಾ? ಸೂಟ್‌ಕೇಸಿನಲ್ಲಿ ಅಡಗಿಸಿದ ಸೆಟ್ಟು, ತೂಕ ಹೆಚ್ಚುಕಡಿಮೆ 15 ಕೆಜಿ. ಅದನ್ನು ಹೊತ್ತು ಜರ್ಮನ್ ಸೈನಿಕರ ಎದುರೇ ಮೆಟ್ರೋ ಹತ್ತಬೇಕು. ಭಾರ ಇಲ್ಲ ಅನ್ನುವ ಹಾಗೆ ನಡೆಯಬೇಕು. ಹೋದ ಕಡೆ ಯಾರಿಗೂ ಕಾಣದಂತೆ ಉದ್ದನೆಯ ಏರಿಯಲ್ ತಂತಿ ಕಟ್ಟಬೇಕು. ಇಪ್ಪತ್ತು ನಿಮಿಷ ದಾಟಿದರೆ ಸಿಗ್ನಲ್ ಮೂಸುತ್ತಾ ತಿರುಗುವ ಜರ್ಮನ್ ವ್ಯಾನು ಬಾಗಿಲಿಗೆ ಬಂತು ಅಂತಲೇ ಲೆಕ್ಕ. ಆಪರೇಟರ್ ಆರು ವಾರ ಉಳಿದರೆ ಪುಣ್ಯ ಎನ್ನುವ ಮಾತೇ ಇತ್ತು. ಆ ಹೊತ್ತಿಗೆ ಫ್ರಾನ್ಸಿನ ಗಂಡಸರನ್ನು ಜರ್ಮನಿಗೆ ಬಲವಂತದ ದುಡಿಮೆಗೆ ಎಳೆದೊಯ್ಯುತ್ತಿದ್ದರಲ್ಲ, ಬೀದಿಯಲ್ಲಿ ಅಲೆಯುವ ಗಂಡಸಿನ ಮೇಲೆ ತಕ್ಷಣ ಕಣ್ಣು ಬೀಳುತ್ತಿತ್ತು. ಹೆಂಗಸಾದರೆ ಅಷ್ಟು ಅನುಮಾನ ಇಲ್ಲ. ಹಾಗಾಗಿಯೇ ಹುಡುಗಿಯರು. ಈ ಕಾರಣ ಕಾದಂಬರಿಯಲ್ಲಿ ಒಂದು ಸಾಲಿನಲ್ಲೂ ಇಲ್ಲ.

ನಿಜವಾಗಿ ಹೋದವರಲ್ಲಿ ನೂರ್ ಇನಾಯತ್ ಖಾನ್ ಒಬ್ಬಳು. ಹೌದು, ಅಪ್ಪನ ಕಡೆಯಿಂದ ನಮ್ಮ ಟಿಪ್ಪು ವಂಶದವಳು. ಹುಟ್ಟಿದ್ದು ಮಾಸ್ಕೋದಲ್ಲಿ, ಬೆಳೆದದ್ದು ಫ್ರಾನ್ಸಿನಲ್ಲಿ, ಮಕ್ಕಳಿಗೆ ಬುದ್ಧನ ಜಾತಕ ಕತೆ ಬರೆದವಳು. ಜೂನ್ 1943ರಲ್ಲಿ ಹೋಗಿ ಇಳಿದಳು, ಕೆಲವೇ ದಿನಗಳಲ್ಲಿ ಅವಳು ಸೇರಿದ್ದ ಗುಪ್ತ ಗುಂಪು ಸಿಕ್ಕಿಬಿತ್ತು. ವಾಪಸ್ ಬಾ ಅಂದರೆ ಬರಲಿಲ್ಲ. ಅಕ್ಟೋಬರ್‌ವರೆಗೆ ಮನೆ ಬದಲಿಸುತ್ತಾ ಸುದ್ದಿ ಕಳಿಸಿದಳು. ಕೊನೆಗೆ ಹಿಡಿದಾಗ, ಕಳಿಸಿದ ಸಂದೇಶಗಳನ್ನೆಲ್ಲ ಬರೆದಿಟ್ಟಿದ್ದ ನೋಟ್‌ಬುಕ್ಕೂ ಸಿಕ್ಕಿತು. ಜರ್ಮನ್ನರು ಅವಳ ಹೆಸರಲ್ಲೇ ಲಂಡನ್ನಿನ ಜೊತೆ ಮಾತಾಡತೊಡಗಿದರು. ಅನುಮಾನ ಬಂದರೂ ಮೇಲಿನವರು ನಂಬುತ್ತಾ ಹೋದರು. ಆ ಸುಳ್ಳು ನಂಬಿ ಫೆಬ್ರವರಿ 1944ರಲ್ಲಿ ಮ್ಯಾಡಲೀನ್ ಡಾಮೆರ್ಮಾನ್ ಎನ್ನುವ ಇನ್ನೊಬ್ಬ ಹುಡುಗಿಯನ್ನು ಪ್ಯಾರಾಚೂಟಿನಲ್ಲಿ ಇಳಿಸಿದರು. ಇಳಿದದ್ದು ನೇರ ಜರ್ಮನ್ ಗುಪ್ತ ಪೊಲೀಸರಾದ ಗೆಸ್ಟಾಪೋ ಕೈಗೆ. ಅದೇ ವರ್ಷ ಸೆಪ್ಟೆಂಬರ್ 13ರ ಬೆಳಗ್ಗೆ ನಾಜಿಗಳ ಡಾಖೌ ಸೆರೆ ಕ್ಯಾಂಪಿನಲ್ಲಿ ಗುಂಡಿಟ್ಟು ಕೊಂದ ನಾಲ್ವರಲ್ಲಿ ಇಬ್ಬರೂ ಇದ್ದರು.

ಯಾರ ಸೆಟ್ಟು ತನ್ನನ್ನು ಹಿಡಿಸಿತೋ ಆ ನೂರ್ ಪಕ್ಕದಲ್ಲೇ ಮ್ಯಾಡಲೀನ್. ಹಿಂದಿನ ರಾತ್ರಿ ಇಬ್ಬರಿಗೂ ಮಾತಾಡಲು ಸಿಕ್ಕಿದ್ದರೆ? ಕಾದಂಬರಿಕಾರರು ಹೋಗಬೇಕಾದದ್ದು ಅಲ್ಲಿಗೆ ಅಲ್ವಾ? ನಮ್ಮ ಪುಸ್ತಕದವರು ಆ ಜಾಗದಲ್ಲಿ ನಾಯಕಿಗೆ ಸ್ವಿಟ್ಜರ್ಲೆಂಡಿನ ಗಡಿ ದಾಟಿಸಿ ಮದುವೆ ಮಾಡಿಸಿದ್ದಾರೆ.

ನನ್ನ ಸೋದರಮಾವ ತಂತಿ ಆಫೀಸಿನಲ್ಲಿದ್ದವರು. ತಂತಿ ಕಳಿಸುವ ಮೋರ್ಸ್ ಸಂಕೇತ ಕುಟ್ಟುವುದರಲ್ಲಿ ಒಬ್ಬೊಬ್ಬರದು ಒಂದೊಂದು ಕೈ, ಕಟಕಟ ಕೇಳಿದರೆ ಸಾಕು, ಆ ಕಡೆ ಕೂತಿರುವುದು ಯಾರು ಅಂತ ಗೊತ್ತಾಗುತ್ತದೆ ಅನ್ನುತ್ತಿದ್ದರು. ಎಸ್‌ಒಇಯವರೂ ಹೊರಡುವ ಮೊದಲೇ ಪ್ರತಿ ಆಪರೇಟರ್‌ನ ಕೈ ಗುರುತು ಮಾಡಿಟ್ಟುಕೊಳ್ಳುತ್ತಿದ್ದರು. ಮೊನ್ನೆ ಮಾವನಿಗೆ ಕಾದಂಬರಿಯ ಒಂದು ದೃಶ್ಯ ಓದಿ ಹೇಳಿದೆ. ನಾಯಕಿ ಒಂದು ಕೈಯಲ್ಲಿ ಮೋರ್ಸ್ ಕುಟ್ಟುತ್ತಾ ಇನ್ನೊಂದು ಕೈಯಲ್ಲಿ ಪ್ರಿಯಕರನ ಕೂದಲು ಸವರುತ್ತಾಳೆ.

ಮಾವ ಕನ್ನಡಕ ತೆಗೆದು ಒರೆಸಿಕೊಂಡು, "ಆ ತಂತಿ ಎಲ್ಲಿಗೂ ಮುಟ್ಟಿರಲ್ಲ ಬಿಡೋ" ಅಂದರು.