ಮೆನ್ಲೋ ಪಾರ್ಕಿಗೆ ಸಲ್ಲದ ಮನವಿ

ಎಲ್ಲವೂ ಬೆಂಗಳೂರಿನಲ್ಲೇ ಏಕೆ ಇರಬೇಕು ಎಂಬ ಪ್ರಶ್ನೆಯನ್ನು ಕಲಬುರಗಿಯವರಷ್ಟು ಪಟ್ಟು ಹಿಡಿದು ಕೇಳಿದವರು ಈ ರಾಜ್ಯದಲ್ಲಿ ಕಡಿಮೆ. ಕೇಳಿದ್ದರಲ್ಲಿ ನ್ಯಾಯವೂ ಇದೆ. ಒಂದು ರಿಟ್ ಅರ್ಜಿಗಾಗಿ ರಾತ್ರಿಯಿಡೀ ರೈಲಿನಲ್ಲಿ ತೂಕಡಿಸುತ್ತ ಹೋಗಬೇಕಿದ್ದ ಪಾಡು, 2008ರಲ್ಲಿ ಹೈಕೋರ್ಟ್ ಪೀಠ ಇಲ್ಲಿಗೇ ಬಂದ ಮೇಲಷ್ಟೇ ತಪ್ಪಿತು. ರಾಜ್ಯದ 114 ತಾಲ್ಲೂಕುಗಳು ಹಿಂದುಳಿದಿವೆಯೆಂದು 2002ರಲ್ಲಿ ನಂಜುಂಡಪ್ಪ ಸಮಿತಿ ಲೆಕ್ಕ ಒಪ್ಪಿಸಿದ ಮೇಲೂ, ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ 371(ಜೆ) ವಿಧಿಯನ್ನು ಸಂವಿಧಾನಕ್ಕೆ ಸೇರಿಸಲು ದಶಕವೊಂದು ಬೇಕಾಯಿತು.

ಇಷ್ಟೆಲ್ಲ ಪಳಗಿದ ನಮ್ಮ ಹೋರಾಟಗಾರರು ತಮ್ಮ ಸಮಸ್ತ ಸಾರ್ವಜನಿಕ ಬದುಕನ್ನು ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕ್ ಎಂಬ ಊರಿನ, ವಾಟ್ಸ್‌ಆ್ಯಪ್‌ನ ಒಡೆತನವುಳ್ಳ ಮೆಟಾ ಎಂಬ ಒಂದೇ ಕಂಪನಿಗೆ, ಒಂದು ಧರಣಿಯನ್ನೂ ಹೂಡದೆ ಒಪ್ಪಿಸಿಬಿಟ್ಟಿದ್ದಾರೆ. ತೊಗರಿಯ ಧಾರಣೆ, ನಲ್ಲಿಗೆ ನೀರು ಬರುವ ದಿನ, ಶಾಲೆಯ ರಜೆ, ಸಾವಿನ ಸುದ್ದಿ, ಕಡೆಗೆ ಬೆಂಗಳೂರಿನ ಯಜಮಾನಿಕೆಯನ್ನು ಖಂಡಿಸಿ ಜಗತ್ ವೃತ್ತದಲ್ಲಿ ಸೇರಬೇಕಾದ ಹೊತ್ತು, ಎಲ್ಲವೂ ವಾಟ್ಸ್‌ಆ್ಯಪ್ ಗುಂಪಿನಲ್ಲೇ ತಿಳಿಯಬೇಕು. 2021ರ ಅಕ್ಟೋಬರ್ 4ರ ರಾತ್ರಿ ಒಂಬತ್ತರ ಸುಮಾರಿಗೆ ಕಂಪನಿಯವರು ತಮ್ಮದೇ ಜಾಲದಲ್ಲಿ ಮಾಡಿಕೊಂಡ ಎಡವಟ್ಟಿನಿಂದ ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸ್‌ಆ್ಯಪ್ ಮೂರೂ ಸುಮಾರು ಆರು ಗಂಟೆ ಒಟ್ಟಿಗೇ ಸ್ತಬ್ಧವಾದವು. ವಿದ್ಯುತ್ ಹೋದರೆ ಜೆಸ್ಕಾಂ ಕಚೇರಿಗೆ ಮುತ್ತಿಗೆ ಹಾಕುವ ಜನ, ಅಂದು ತಮ್ಮ ಮೊಬೈಲನ್ನೇ ಆರಿಸಿ ಹಚ್ಚಿ, ಆರಿಸಿ ಹಚ್ಚಿ, ತಪ್ಪು ತಮ್ಮದೇ ಎಂದುಕೊಂಡು ಮಲಗಿದರು.

ತಹಶೀಲ್ದಾರರ ಕಚೇರಿಯನ್ನು ನಾವು ಎಷ್ಟೇ ಬೈಯಲಿ, ಅಲ್ಲೊಂದು ಬಾಗಿಲಿದೆ, ಬಾಗಿಲಲ್ಲಿ ಒಬ್ಬ ಜವಾನನಿದ್ದಾನೆ, ಆತನಿಗೆ ಚಹಾ ಕುಡಿಸಿದರೆ ಸಾಹೇಬರು ಒಳಗಿದ್ದಾರೋ ಇಲ್ಲವೋ ಎಂಬ ಸತ್ಯವಾದರೂ ಹೊರಬೀಳುತ್ತದೆ. ದೊಡ್ಡ ಜಾಲತಾಣಗಳಲ್ಲಿ ಖಾತೆ ರದ್ದಾದರೆ ಮರುಪರಿಶೀಲನೆಗೆ ಒಂದು ಗುಂಡಿ ಒತ್ತಿ ಕಾಯಬೇಕು. ಚಹಾ ಯಾರಿಗೆ ಕುಡಿಸಬೇಕೆಂಬುದೂ ತಿಳಿಯದು.

ಸ್ವದೇಶಿ ಪರಿಹಾರವನ್ನೂ ನೋಡಿ ಆಯಿತು. 2020ರಲ್ಲಿ ಕನ್ನಡದಲ್ಲೇ ಮೊದಲು ಕಣ್ಣುಬಿಟ್ಟ ಬೆಂಗಳೂರಿನ ಜಾಲತಾಣ ‘ಕೂ’ ಎಂಬ ಹಳದಿ ಹಕ್ಕಿಯನ್ನು ಮಂತ್ರಿಗಳಾದಿಯಾಗಿ ಎಲ್ಲರೂ ಹೆಗಲ ಮೇಲೆ ಕೂರಿಸಿಕೊಂಡರು. 2024ರ ಜುಲೈನಲ್ಲಿ ಕಂಪನಿ ಅಂಗಡಿ ಮುಚ್ಚಿತು. ಅದರ ತಂತ್ರಾಂಶ ಮುಕ್ತವಾಗಿದ್ದಿದ್ದರೆ, ಅಂದರೆ ಯಾರು ಬೇಕಾದರೂ ಪಡೆದು ಬಳಸುವಂತಿದ್ದಿದ್ದರೆ, ನಾಲ್ಕು ಜನ ಬಲ್ಲವರು ಅದನ್ನೇ ಮತ್ತೊಂದು ಸರ್ವರ್‌ನಲ್ಲಿ ನಡೆಸಬಹುದಿತ್ತು. ಒಡೆತನ ಕ್ಯಾಲಿಫೋರ್ನಿಯಾದಿಂದ ಬೆಂಗಳೂರಿಗೆ ಬಂದಿತ್ತೇ ಹೊರತು ಬಳಸುವವರ ಕೈಗೆ ಬಂದಿರಲಿಲ್ಲ. ಬೆಂಗಳೂರಿನಲ್ಲಿ ಇದ್ದುದೆಲ್ಲ ನಮ್ಮದಲ್ಲ ಎಂಬುದನ್ನು ಕಲಬುರಗಿಯವರಿಗೆ ಬಿಡಿಸಿ ಹೇಳಬೇಕೇ?

ಈ ಕೊರಗನ್ನು ಇಲ್ಲಿನ ಕೆಲವು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಗಂಭೀರವಾಗಿ ತೆಗೆದುಕೊಂಡದ್ದೇ ಎಡವಟ್ಟಾಯಿತು. (ಇವರೂ ಸಾಮಾನ್ಯರಲ್ಲ, ಕಂಪ್ಯೂಟರ್ ನಡೆಸುವ ಲಿನಕ್ಸ್ ಎಂಬ ಮುಕ್ತ ತಂತ್ರಾಂಶದ ಹಬ್ಬ ಮಾಡಿ, ಅದರ ಬಗೆಗಳಲ್ಲಿ ಉಬುಂಟು ಮೇಲೋ ಡೆಬಿಯನ್ ಮೇಲೋ ಎಂದು ಊಟ ಬಿಟ್ಟು ಜಗಳವಾಡಿ, ಹಬ್ಬದ ಚಿತ್ರಗಳನ್ನು ಇನ್‌ಸ್ಟಾಗ್ರಾಮಿಗೆ ಏರಿಸಿದವರು.) ಅವರು ಹೋರಾಟ ಸಮಿತಿಯೊಂದರ ಅಧ್ಯಕ್ಷರ ಮುಂದೆ ಲ್ಯಾಪ್‌ಟಾಪ್ ತೆರೆದು, ಜರ್ಮನಿಯ ತರುಣನೊಬ್ಬ 2016ರಲ್ಲಿ ಬಿಡುಗಡೆ ಮಾಡಿದ ಮಾಸ್ಟೊಡಾನ್ ಎಂಬ, ಸಾಮಾಜಿಕ ಜಾಲತಾಣ ನಡೆಸುವ ಮುಕ್ತ ತಂತ್ರಾಂಶವನ್ನು ವಿವರಿಸಿದರು. ಇದನ್ನು ಯಾರು ಬೇಕಾದರೂ ತಮ್ಮ ಸರ್ವರ್‌ನಲ್ಲಿ ಹೂಡಿಕೊಳ್ಳಬಹುದು. ಒಬ್ಬರ ಜಿಮೇಲ್‌ನಿಂದ ಇನ್ನೊಬ್ಬರ ಯಾಹೂಗೆ ಪತ್ರ ಹೋಗುವಂತೆಯೇ ಒಂದು ಸರ್ವರ್‌ನವರು ಇನ್ನೊಂದರವರೊಡನೆ ಮಾತನಾಡಬಹುದು. ಇದಕ್ಕೆ ಬೇಕಾದ ಆ್ಯಕ್ಟಿವಿಟಿಪಬ್ ಎಂಬ ನಿಯಮಾವಳಿಯನ್ನು 2018ರಲ್ಲೇ ವೆಬ್ಬಿನ ಮಾನದಂಡಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ ಅಂಗೀಕರಿಸಿದೆ, ಆದ್ದರಿಂದ ಯಾವ ಕಂಪನಿಯ ಅಪ್ಪಣೆಯೂ ಬೇಕಿಲ್ಲ ಎಂದರು.

ಅಧ್ಯಕ್ಷರು ಮೊದಲು ಕೇಳಿದ್ದು ಖರ್ಚನ್ನು. ಅವರ ಹುಟ್ಟುಹಬ್ಬಕ್ಕೆ ಊರ ತುಂಬ ಕಟ್ಟುವ ಫ್ಲೆಕ್ಸ್‌ಗಳಲ್ಲಿ ಕೆಲವನ್ನು ಬಿಟ್ಟರೆ ಸಾಕು ಎಂದು ತಿಳಿದಾಗ ಆ ವಿಷಯವನ್ನು ಅಲ್ಲಿಗೇ ಕೈಬಿಟ್ಟರು. “ಮಂದಿ ಎಲ್ಲಾ ವಾಟ್ಸ್‌ಆ್ಯಪ್‌ನಾಗೇ ಅದಾರಲ್ರೀ?” ಎಂಬ ಎರಡನೆಯ ಪ್ರಶ್ನೆ ನಿಜಕ್ಕೂ ತೂಕದ್ದು. ಕಂಪನಿಗಳ ಬಂಡವಾಳವೆಲ್ಲ ಇರುವುದು ಆ ಒಂದು ವಾಕ್ಯದಲ್ಲೇ, ಹುಡುಗರ ಬಳಿ ಅದಕ್ಕೆ ಉತ್ತರವಿರಲಿಲ್ಲ. ಆದರೆ ಅಷ್ಟರಲ್ಲಿ ಅಡ್ಮಿನ್ ಯಾರೆಂಬ ಮಾತು ಬಂತು. ಸರ್ವರ್ ನಡೆಸುವವರೇ ಅಲ್ಲಿನ ನಿಯಮ ಮಾಡುತ್ತಾರೆ, ಬೇಡವಾದವರನ್ನು ಹೊರಗಿಡುತ್ತಾರೆ ಎಂದು ಕೇಳಿದೊಡನೆ ಅಧ್ಯಕ್ಷರು ಕುರ್ಚಿಯನ್ನು ಮುಂದಕ್ಕೆಳೆದುಕೊಂಡರು.

ಹುಡುಗರು ಉತ್ಸಾಹದಿಂದ, ಬೀದರಿನವರು ತಮ್ಮದೊಂದು ಹೂಡಲಿ, 2009ರಲ್ಲಿ ನಮ್ಮಿಂದ ಬೇರೆಯಾಗಿ ಜಿಲ್ಲೆಯಾದ ಯಾದಗಿರಿಯವರು ತಮ್ಮದೊಂದು ಹೂಡಲಿ, ಮೂರೂ ಸಮಾನವಾಗಿ ಒಂದಕ್ಕೊಂದು ಬೆಸೆದುಕೊಂಡಿರಲಿ ಎಂದರು.

“ಅವರಿಗ್ಯಾಕ್ರೀ ಬ್ಯಾರೆ?” ಎಂದರು ಅಧ್ಯಕ್ಷರು. “ಎಲ್ಲಾ ಕಲಬುರಗ್ಯಾಗೇ ಇರ್ಲಿ. ಏನರೆ ಬೇಕಾದ್ರ ಇಲ್ಲಿಗೇ ಬಂದು ಕೇಳ್ಲಿ.”